ಸಮ ಚಿಹ್ನೆಯಲ್ಲಿ ಸಿಕ್ಕಿಕೊಂಡ ಎರಡು ವಾರ

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸದಲ್ಲಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಡಿಪ್ಲೊಮಾ ಮುಗಿಸಿದವನು. ದಿನವೂ ಕೈಯಲ್ಲಿ ಬರೆದು ಕೂಡುವ ಅಳತೆಯ ಲೆಕ್ಕಗಳನ್ನು ಕಂಪ್ಯೂಟರಿನಿಂದ ಮಾಡಿಸಬೇಕೆಂಬ ಆಸೆಯಿಂದ, ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನ 8 ವಾರಗಳ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸಿಗೆ ಸೇರಿದೆ. ಐಐಟಿಗಳೂ ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಈ ಯೋಜನೆಯ ಪಾಠಗಳನ್ನು ಯಾರು ಬೇಕಾದರೂ ಹಣ ಕೊಡದೆ ಕೇಳಬಹುದು. ಆ ಸಂಸ್ಥೆಯ ಗೇಟಿನ ಮುಂದೆ ಬಸ್ಸಿನಲ್ಲಿ ಎಷ್ಟೋ ವರ್ಷ ಹಾದುಹೋದ ನನಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಆದರೂ ಮೊದಲ ಸಲ ಎರಡು ವಾರಕ್ಕೇ ನಿಂತುಬಿಟ್ಟೆ. ‘ಎಕ್ಸ್ = ಎಕ್ಸ್ + 1’ ಎಂಬ ಸಾಲು ನನ್ನನ್ನು ಕಟ್ಟಿಹಾಕಿತು; ಶಾಲೆಯ ಬೀಜಗಣಿತದ ಪ್ರಕಾರ ಅದು ಆಗದ ಮಾತು. ತರಗತಿಯಲ್ಲಾಗಿದ್ದರೆ ಎದ್ದುನಿಂತು ಕೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆದು ಕೇಳಲು ಹಿಂಜರಿದು, ವಿಡಿಯೊವನ್ನೇ ಮತ್ತೆ ಮತ್ತೆ ನೋಡಿ, ಕೊನೆಗೆ ಕೈಬಿಟ್ಟೆ.

ಮರುವರ್ಷ ಅದೇ ಕೋರ್ಸಿಗೆ ಮತ್ತೆ ಸೇರಿದಾಗ ಆ ಸಾಲಿನ ಅರ್ಥ ಹೊಳೆದದ್ದು ಕಾರ್ಖಾನೆಯಲ್ಲಿ. ಪಾಳಿಯ ಮೇಲ್ವಿಚಾರಕರು ಎಣಿಕೆಯ ಹಲಗೆಯಲ್ಲಿದ್ದ 46ನ್ನು ಒರೆಸಿ, ಅದೇ ಜಾಗದಲ್ಲಿ 47 ಎಂದು ಬರೆದರು. ಬಲಗಡೆ ಇರುವುದನ್ನು ಮೊದಲು ಲೆಕ್ಕ ಹಾಕಿ, ಬಂದ ಉತ್ತರವನ್ನು ಎಡಗಡೆಯ ಹೆಸರಿನಲ್ಲಿ ಇಡುವುದು; ಅಷ್ಟೇ. ಅಂದೇ ಮನೆಗೆ ಹೋಗಿ ಬಿಟ್ಟಿದ್ದ ಐದು ಲೆಕ್ಕಗಳನ್ನು ಮಾಡಿ ಮುಗಿಸಿದೆ.

ಅಲ್ಲಿಂದ ಮುಂದೆ ಪಾಠದ ಲಿಖಿತ ರೂಪವನ್ನು ಮೊದಲು ಓದಿ, ಹೊಸ ಪದಗಳನ್ನು ನೋಟ್‌ಬುಕ್ಕಿನ ಒಂದು ಬದಿಗೂ ಅವಕ್ಕೆ ನನ್ನದೇ ಕನ್ನಡದ ವಿವರಣೆಯನ್ನು ಇನ್ನೊಂದು ಬದಿಗೂ ಬರೆದುಕೊಂಡು, ಆಮೇಲೆ ಬನಶಂಕರಿಯಿಂದ ಪೀಣ್ಯಕ್ಕೆ ಹೋಗುವ ಮೆಟ್ರೊದಲ್ಲಿ ವಿಡಿಯೊ ನೋಡುವ ಕ್ರಮವನ್ನು ಇಟ್ಟುಕೊಂಡೆ. ಪರೀಕ್ಷೆಗೆ 1000 ರೂಪಾಯಿ ಕಟ್ಟಿದೆ. ವಾರದ ಅಭ್ಯಾಸಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಕಟ್ಟಿದ ಹಣಕ್ಕಿಂತ ಪ್ರತಿ ವಾರದ ಕೊನೆಯ ದಿನಾಂಕವೇ ನನ್ನನ್ನು ಹಿಡಿದು ಕೂರಿಸಿತೆಂದು ನನ್ನ ನಂಬಿಕೆ. ಪ್ರಮಾಣಪತ್ರ ಬಂತು, ಈಗ ತಪಾಸಣೆಯ ದಿನದ ವರದಿಯನ್ನು ನಾನೇ ಬರೆದ ಪ್ರೋಗ್ರಾಂ ಸಿದ್ಧಪಡಿಸುತ್ತದೆ.

ನನ್ನೊಂದಿಗೆ ಸೇರಿದ್ದ ಸಹೋದ್ಯೋಗಿಯೊಬ್ಬರು ನಾಲ್ಕನೆಯ ವಾರಕ್ಕೆ ನಿಲ್ಲಿಸಿದರು. ಬುದ್ಧಿಯಲ್ಲಿ ಅವರು ನನಗಿಂತ ಚುರುಕು. ಆದರೆ ಅವರ ಬಳಿ ಇದ್ದದ್ದು ಫೋನ್ ಮಾತ್ರ. ಸಾಲಿನ ಮುಂದೆ ನಾಲ್ಕು ಖಾಲಿ ಜಾಗ ಬಿಡಬೇಕಾದಲ್ಲಿ ಮೂರು ಬಿಟ್ಟರೂ ಪ್ರೋಗ್ರಾಂ ಕೆಡಬಹುದಾದ ಭಾಷೆಯನ್ನು, ಓವರ್‌ಟೈಮ್ ಮುಗಿಸಿ ಬಂದು, ಹೆಬ್ಬೆರಳಿನಲ್ಲಿ ಒತ್ತುತ್ತಾ ಎಷ್ಟು ದಿನ ಕಲಿಯಲು ಸಾಧ್ಯ? ಪಾಠ ಉಚಿತವಾಗಿ ಸಿಕ್ಕರೂ ಮೇಜು, ಕಂಪ್ಯೂಟರ್, ಬಿಡುವು ಉಚಿತವಾಗಿ ಸಿಗುವುದಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ಘೋಷಿಸಿದ ಉಚಿತ ಆನ್‌ಲೈನ್ ಯೋಜನೆಯಾದ ಓಪನ್ ಕೋರ್ಸ್‌ವೇರ್‌ನ ಪಾಠಗಳನ್ನು, ಮೂಲವನ್ನು ಹೆಸರಿಸಿ, ವ್ಯಾಪಾರಕ್ಕೆ ಬಳಸದೆ, ಅದೇ ಷರತ್ತಿನಡಿ ಹಂಚುವುದಾದರೆ ಯಾವ ಭಾಷೆಗೆ ಬೇಕಾದರೂ ಅನುವಾದಿಸಬಹುದು. ಅಲ್ಲಿಯ ಕೆಲವು ಅಭ್ಯಾಸಗಳನ್ನು ನಾನೀಗ ಕನ್ನಡಕ್ಕೆ ತರುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಆ ಸಹೋದ್ಯೋಗಿ ನಮ್ಮ ಮನೆಗೆ ಬರುತ್ತಾರೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಐದನೆಯ ವಾರದ ಪಾಠ ನಡೆಯುತ್ತಿದೆ.