ಗಾಟ್ಲೀಬ್ ಪಿನ್‌ಬಾಲ್ ಮೆಶಿನ್ ರಿಪೇರಿ: ನನ್ನ ಅನುಭವ

ಷಿಕಾಗೊ ಹತ್ತಿರದ ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿ 1965ರ 'ಕಿಂಗ್ಸ್ ಅಂಡ್ ಕ್ವೀನ್ಸ್' ಈಗ ಚೆನ್ನಾಗಿ ಓಡುತ್ತಿದೆ. ಷಿಕಾಗೊದ್ದೇ ಆದ ಡಿ. ಗಾಟ್ಲೀಬ್ ಕಂಪನಿಯ ಪಿನ್‌ಬಾಲ್ ಮೆಶಿನ್ ಇದು, ಅಂದರೆ ಇಳಿಜಾರು ಹಲಗೆಯ ಮೇಲೆ ಗೋಲಿ ಓಡಿಸಿ ಅಂಕ ಗಳಿಸುವ ಆಟ. ಆಟ ರೂಪಿಸಿದವರು ವೇಯ್ನ್ ನಯನ್ಸ್. ಎದುರಿನ ಗಾಜಿನ ಚಿತ್ರ ರಾಯ್ ಪಾರ್ಕರ್ ಅವರದು. ನನ್ನ ಕೈಗೆ ಬಂದಾಗ ಎಲ್ಲ ದೀಪಗಳೂ ಉರಿಯುತ್ತಿದ್ದವು. ಸ್ಟಾರ್ಟ್ ಒತ್ತಿದರೆ ಮಾತ್ರ ಒಳಗಿನ ಮೋಟರ್ ನಿಲ್ಲದೆ ಗರಗರ ತಿರುಗುತ್ತಿತ್ತು, ಆಟ ಶುರುವಾಗುತ್ತಿರಲಿಲ್ಲ.

ಇದರಲ್ಲಿ ಚಿಪ್ ಇಲ್ಲ. ತಂತಿ, ಕಾಯಿಲ್ (ಕರೆಂಟ್ ಬಂದರೆ ಅಯಸ್ಕಾಂತವಾಗುವ ತಂತಿಯ ಸುರುಳಿ), ರಿಲೇ (ಅಂಥ ಕಾಯಿಲ್ ಎಳೆದು ನಡೆಸುವ ಸ್ವಿಚ್), ಹಲ್ಲಿನ ಚಕ್ರ, ಇಷ್ಟೇ. ಐವತ್ತು ಅಂಕ ಬಂದರೆ ಆ ಒಳಗಿನ ಮೋಟರ್, ಅಂದರೆ ಸ್ಕೋರ್ ಮೋಟರ್, ಸ್ವಲ್ಪ ತಿರುಗಿ, ಅಂಕ ತೋರಿಸುವ ಚಕ್ರಗಳಲ್ಲಿ ಹತ್ತರ ಚಕ್ರವನ್ನು ಐದು ಸಲ ತಳ್ಳುತ್ತದೆ. ಹೊಸ ಆಟಕ್ಕೆ ಎಲ್ಲ ಚಕ್ರಗಳೂ ಸೊನ್ನೆಗೆ ಬರಬೇಕು. ಬಂದವು ಅಂತ ಹೇಳುವುದು ಒಂದೊಂದು ಚಕ್ರದ ಹಿಂದಿರುವ ಪುಟ್ಟ ಸ್ವಿಚ್. ಅದು ಸರಿಯಾಗಿ ಹೇಳದಿದ್ದರೆ ಮೋಟರ್ ಕಾಯುತ್ತಾ ತಿರುಗುತ್ತಲೇ ಇರುತ್ತದೆ. ನನ್ನ ಮೆಶಿನ್‌ನ ಕಾಯಿಲೆಯೂ ಅದೇ.

ಮೊದಲು ಪ್ಲಗ್‌ಗೆ ಹೋಗುವ ಹಳೇ ವೈರ್ ತೆಗೆದು ಅರ್ತ್ ಇರುವ ವೈರ್ ಹಾಕಿದೆ, ಫ್ಯೂಸ್‌ಗಳು ಸರಿಯಾದ ಅಳತೆಯವೇ ಅಂತ ನೋಡಿದೆ. ಆಮೇಲೆ ಪ್ಲಗ್ ಕಿತ್ತು, ರಿಲೇಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿದೆ. ಸ್ವಿಚ್‌ನ ಎರಡು ಕಾಂಟ್ಯಾಕ್ಟ್‌ಗಳು (ಕರೆಂಟ್ ದಾಟುವ ಲೋಹದ ತುದಿಗಳು) ಸುಮ್ನೆ ತಾಗಿದರೆ ಸಾಲದು, ತಾಗಿದ ಮೇಲೂ ಸ್ವಲ್ಪ ಒತ್ತಿಕೊಳ್ಳಬೇಕು. ಕಪ್ಪಾಗಿದ್ದ ಕಡೆ ತೆಳು ಅರದಿಂದ ಹಗುರವಾಗಿ ಉಜ್ಜಿದೆ. ಕಾಂಟ್ಯಾಕ್ಟ್‌ಗೆ ಎಣ್ಣೆ ಮಾತ್ರ ಯಾವತ್ತೂ ಹಾಕಬೇಡಿ. ಜಾಸ್ತಿ ಹೊತ್ತು ತಿಂದದ್ದು ಸ್ಟೆಪ್ಪರ್‌ಗಳು, ಅಂದರೆ ಒಂದೊಂದೇ ಹೆಜ್ಜೆ ತಿರುಗಿ ಲೆಕ್ಕ ಇಡುವ ಚಕ್ರಗಳು. ಹಳೇ ಗ್ರೀಸ್ ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಸ್ಪ್ರಿಂಗ್ ಎಳೆದರೂ ಚಕ್ರ ವಾಪಸ್ ಬರುತ್ತಿರಲಿಲ್ಲ. ಬಿಚ್ಚಿ, ಆಲ್ಕೊಹಾಲ್‌ನಲ್ಲಿ ತೊಳೆದು, ಮತ್ತೆ ಜೋಡಿಸಿದೆ.

ಚೆನ್ನಾಗಿ ಆಡಿದವರಿಗೆ ಈ ಮೆಶಿನ್ ಇನ್ನೊಂದು ಆಟವನ್ನು ಪುಕ್ಕಟೆ ಕೊಡುತ್ತದೆ. ಆ ವೈರಿಂಗ್ ಸರಿಮಾಡುವಾಗ ಕಂಪನಿಯ ಇತಿಹಾಸವೇ ಕೈಗೆ ಸಿಕ್ಕಂತಾಯಿತು. ಕಂಪನಿ ಕಟ್ಟಿದ ಡೇವಿಡ್ ಗಾಟ್ಲೀಬ್ 1931ರಲ್ಲಿ 17.50 ಡಾಲರ್‌ಗೆ ಮಾರಿದ 'ಬ್ಯಾಫಲ್ ಬಾಲ್'ನಲ್ಲಿ ಫ್ಲಿಪರ್, ಅಂದರೆ ಗೋಲಿಯನ್ನು ಮತ್ತೆ ಮೇಲಕ್ಕೆ ಹೊಡೆಯುವ ಪುಟ್ಟ ಕೋಲು, ಇರಲಿಲ್ಲ. ಗೋಲಿ ಬಿಟ್ಟ ಮೇಲೆ ಅದು ಹೋದಲ್ಲೇ ಹೋಗುತ್ತಿತ್ತು. ಅದೃಷ್ಟದ ಆಟ, ಜೂಜು ಅನ್ನುವ ದೂರು ಎದ್ದದ್ದು ಸಹಜ ಅಲ್ವಾ? ನ್ಯೂಯಾರ್ಕ್ 1942ರಲ್ಲಿ ಪಿನ್‌ಬಾಲ್ ನಿಷೇಧಿಸಿತು, 1976ರವರೆಗೂ ಬಿಡಲಿಲ್ಲ. ಮೆಶಿನ್ ತಯಾರಾಗುತ್ತಿದ್ದ ಷಿಕಾಗೊದಲ್ಲೂ ದಶಕಗಳ ಕಾಲ ನಿಷೇಧವಿತ್ತು. 1947ರಲ್ಲಿ ಹ್ಯಾರಿ ಮ್ಯಾಬ್ಸ್ ಇದೇ ಕಂಪನಿಯ 'ಹಂಪ್ಟಿ ಡಂಪ್ಟಿ'ಗೆ ಕರೆಂಟಿನ ಫ್ಲಿಪರ್ ಇಟ್ಟರು. ನನ್ನ ಮಟ್ಟಿಗೆ ಪಿನ್‌ಬಾಲ್ ಹುಟ್ಟಿದ್ದೇ ಅವತ್ತು, ಯಾಕಂದರೆ ಆಡುವವರ ಕೈಚಳಕಕ್ಕೆ ಬೆಲೆ ಬಂತು. ಆದರೂ ಪುಕ್ಕಟೆ ಆಟವನ್ನು ಜೂಜಿನ ಬಹುಮಾನ ಅಂತಲೇ ನೋಡುವ ಊರುಗಳಿದ್ದವು. ಅವುಗಳಿಗಾಗಿ ಗಾಟ್ಲೀಬ್ ಕಂಪನಿ 1960ರಲ್ಲಿ 'ಫ್ಲಿಪರ್' ಅನ್ನುವ ಹೆಸರಿನದೇ ಒಂದು ಮೆಶಿನ್ ಮಾಡಿತು. ಅದರಲ್ಲಿ ಗೆದ್ದರೆ ಸಿಗುವುದು ಇನ್ನೊಂದು ಗೋಲಿ, ಇನ್ನೊಂದು ಆಟ ಅಲ್ಲ.

ಗಾಟ್ಲೀಬ್ ಹೆಸರಿನ ಪಿನ್‌ಬಾಲ್ ತಯಾರಿಕೆ 1996ರಲ್ಲಿ ನಿಂತಿತು. ರಬ್ಬರ್ ರಿಂಗ್, ಕಾಯಿಲ್ ಒಳಗಿನ ಕೊಳವೆ ಇವೆಲ್ಲ ಈಗಲೂ ಹೊಸದಾಗಿ ಸಿಗುತ್ತವೆ. ಪಾರ್ಕರ್ ಅವರ ಚಿತ್ರವಿರುವ ಹಳೇ ಗಾಜು ಸಿಗುವುದು ಕಷ್ಟ. ಅದಕ್ಕೇ ಗಾಜಿನ ಹಿಂಬದಿಯನ್ನು ಒರೆಸಲೇಬೇಡಿ, ಒಣ ಬಟ್ಟೆಯಿಂದಲೂ ಬೇಡ. ಬಣ್ಣ ಬಳಿದಿರುವುದು ಆ ಕಡೆಗೇ.