ಮೂರು ಚಕ್ರದ ಮೋಟಾರ್‌ಸೈಕಲ್‌ಗೆ ಹೊಸ ಸ್ವೇ ಬಾರ್: ಎಲ್ಲಿ ತಾಗುತ್ತದೆ ಎಂದು ನೋಡುವ ಬಗೆ

ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ಕ್ಯಾನ್-ಆಮ್ ಸ್ಪೈಡರ್‌ನಂಥ ವಾಹನಗಳು ತಿರುವಿನಲ್ಲಿ ಬೈಕಿನಂತೆ ಒಳಕ್ಕೆ ವಾಲುವುದಿಲ್ಲ; ಕಾರಿನಂತೆ ಹೊರಕ್ಕೆ ಬಾಗುತ್ತವೆ. ಈ ಬಾಗುವಿಕೆಯನ್ನು ತಡೆಯುವುದು ಸ್ವೇ ಬಾರ್, ಅಂದರೆ ಮುಂದಿನ ಎರಡೂ ಚಕ್ರಗಳ ಬದಿಗಳನ್ನು ಜೋಡಿಸುವ, ತಿರುಚಿಕೊಳ್ಳುವ ಸರಳು. ಬಾಗುವಿಕೆಯನ್ನು ಇನ್ನೂ ತಗ್ಗಿಸಲೆಂದೇ ಹಲವರು ಕಂಪನಿಯ ಸ್ವೇ ಬಾರ್ ತೆಗೆದು, ಅದಕ್ಕಿಂತ ದಪ್ಪನೆಯದನ್ನು ಹಾಕುತ್ತಾರೆ. ಬಾರ್‌ನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, 16 ಮಿ.ಮೀ. ಬದಲು 18 ಮಿ.ಮೀ.ನ ಗಟ್ಟಿ ಬಾರ್ ಹಾಕಿದರೆ ಬಿಗಿತ ಸುಮಾರು ಶೇ. 60ರಷ್ಟು ಹೆಚ್ಚುತ್ತದೆ. ದಪ್ಪ ಹೆಚ್ಚಿದ್ದರಿಂದ ಪ್ರತಿ ಬದಿಗೆ ಕಡಿಮೆಯಾಗುವ ಜಾಗ 1 ಮಿ.ಮೀ. ಮಾತ್ರ, ತೊಂದರೆ ಬರುವುದು ಬಹುಪಾಲು ಬಾರ್‌ನ ಬಾಗಿನ ಆಕಾರ, ಲಿಂಕ್‌ಗಳ (ಬಾರ್‌ನ ತುದಿಯನ್ನು ಚಕ್ರದ ತೋಳಿಗೆ ಸೇರಿಸುವ ಕಡ್ಡಿಗಳ) ಉದ್ದ ಮತ್ತು ಬೋಲ್ಟ್ ತಲೆಗಳಿಂದ.

ಎರಡೂ ಚಕ್ರಗಳು ಸ್ಟ್ಯಾಂಡಿನ ಮೇಲೆ ಸಮನಾಗಿ ಜೋತುಬಿದ್ದಿರುವಾಗ ಕಾಣುವ ಅಂತರವನ್ನು ನಂಬಬಾರದು. ಆಗ ಬಾರ್ ತಿರುಚಿಕೊಂಡಿರುವುದಿಲ್ಲ, ತನ್ನ ಬುಷ್‌ಗಳೊಳಗೆ (ಬಾರನ್ನು ಫ್ರೇಮಿಗೆ ಹಿಡಿದಿಡುವ ಬಳೆಗಳೊಳಗೆ) ತಿರುಗಿರುತ್ತದೆ ಅಷ್ಟೆ. ಒಂದು ಚಕ್ರ ಉಬ್ಬನ್ನು ಹತ್ತಿ ಇನ್ನೊಂದು ಗುಂಡಿಗೆ ಇಳಿದಾಗ ಲಿಂಕ್‌ಗಳು ಎಲ್ಲಿರುತ್ತವೆ ಎಂಬುದನ್ನೇ ನೋಡಬೇಕು.

ಹಿಂದಿನ ಚಕ್ರಕ್ಕೆ ಪಾರ್ಕಿಂಗ್ ಬ್ರೇಕ್ ಹಾಕಿ, ಅಡ್ಡಗಟ್ಟೆ ಇಟ್ಟು, ಮುಂಭಾಗವನ್ನು ಫ್ರೇಮಿನ ಕೆಳಗೆ ಜಾಕ್ ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ. ಜಾಕ್ ಒಂದನ್ನೇ ನೆಚ್ಚಿಕೊಂಡು ಕೆಳಗೆ ಕೈ ಹಾಕಬೇಡಿ. ಶಾಕ್ ಅಬ್ಸಾರ್ಬರ್ ಜೋಡಿಸಿರುವಂತೆಯೇ ಒಂದು ಬದಿಯ ತೋಳನ್ನು (ಚಕ್ರವನ್ನು ಫ್ರೇಮಿಗೆ ಸೇರಿಸುವ ಭಾಗವನ್ನು) ಜಾಕ್‌ನಿಂದ ಎತ್ತಿದರೆ ಸ್ಪ್ರಿಂಗ್ ಒತ್ತುವ ಮೊದಲೇ ವಾಹನ ಸ್ಟ್ಯಾಂಡಿನಿಂದ ಮೇಲೇಳಬಹುದು; ಆದ್ದರಿಂದ ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮುನ್ನ ಎರಡು ಅಳತೆ ಬರೆದಿಟ್ಟುಕೊಳ್ಳಿ: ಚಕ್ರ ಜೋತಿರುವಾಗ ಶಾಕ್‌ನ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವಣ ಉದ್ದ, ಹಾಗೂ ಹೊರಗೆ ಕಾಣುವ ರಾಡ್‌ನ ಉದ್ದ. ಮೊದಲನೆಯದು ತೋಳು ಇಳಿಯುವ ಕೊನೆಯ ಮಿತಿ. ಅದರಿಂದ ಎರಡನೆಯದನ್ನು ಕಳೆದರೆ ಏರುವ ಮಿತಿ ಸಿಗುತ್ತದೆ. ಶಾಕ್ ಇಲ್ಲದಾಗ ತೋಳನ್ನು ತಡೆಯುವುದು ಬೇರೇನೂ ಇಲ್ಲದಿರುವುದರಿಂದ, ಈ ಮಿತಿ ಮೀರಿ ಕೆಳಗೆ ಬಿಟ್ಟರೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಳೆದುಕೊಳ್ಳುತ್ತವೆ.

ಇನ್ನು ಲೋಹಕ್ಕೆ ಲೋಹ ಹತ್ತಿರವಾಗುವ ಜಾಗಗಳಲ್ಲಿ ಸುಮಾರು 10 ಮಿ.ಮೀ. ದಪ್ಪನೆಯ ಮೃದು ಕ್ಲೇ ಅಂಟಿಸಿ: ಲಿಂಕ್ ಮತ್ತು ಮೇಲಿನ ತೋಳಿನ ನಡುವೆ, ಬಾರ್‌ನ ತುದಿ ಮತ್ತು ಸ್ಟೀರಿಂಗ್ ರಾಡ್ ನಡುವೆ, ಬಾರ್ ಮತ್ತು ಫ್ರೇಮ್ ನಡುವೆ. ಒಂದು ಬದಿಯನ್ನು ಮೇಲಿನ ಮಿತಿಗೂ ಇನ್ನೊಂದನ್ನು ಕೆಳಗಿನ ಮಿತಿಗೂ ತಂದು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಬಳಿಕ ಬದಿಗಳನ್ನು ಅದಲುಬದಲು ಮಾಡಿ. ಕ್ಲೇ ಎಲ್ಲಿ ತೆಳುವಾಯಿತೋ ಅಲ್ಲಿ ಕತ್ತರಿಸಿ ದಪ್ಪ ಅಳೆದರೆ ಅದೇ ನಿಜವಾದ ಅಂತರ. ಲೋಹದ ಭಾಗಗಳ ನಡುವೆ 6 ಮಿ.ಮೀ., ಬ್ರೇಕ್ ಹೋಸ್‌ನ ಬಳಿ ಅದರ ಎರಡರಷ್ಟು ಇರಬೇಕೆಂಬುದು ನಾನು ಇಟ್ಟುಕೊಂಡಿರುವ ಲೆಕ್ಕ.

ಲಿಂಕ್‌ನ ರಾಡ್ ಎಂಡ್‌ಗಳನ್ನು (ತುದಿಯಲ್ಲಿ ಚೆಂಡು ಇರುವ ಕೀಲುಗಳನ್ನು) ಕೈಯಿಂದ ಅಲುಗಾಡಿಸಿ ನೋಡಿ. ಚೆಂಡು ತನ್ನ ಕವಚದ ಅಂಚಿಗೆ ತಾಗಿ ಇನ್ನು ವಾಲದಂತಾಗಿದ್ದರೆ, ಮುಂದಿನ ಹೊರೆಯೆಲ್ಲ ಬೋಲ್ಟ್‌ನ ಮೇಲೆ ಬಿದ್ದು ಅದು ಬಾಗುತ್ತದೆ. ಕೆಳಮಿತಿಯಲ್ಲಿ ಲಿಂಕ್ ಮತ್ತು ಬಾರ್‌ನ ತೋಳು (ಅದರ ಬಾಗಿದ ತುದಿಭಾಗ) ಹೆಚ್ಚುಕಡಿಮೆ ಒಂದೇ ಗೆರೆಗೆ ಬಂದರೂ ಅಪಾಯವೇ. ಲಿಂಕ್ ಮಗುಚಿಕೊಂಡು ಹಿಂದಿರುಗದೆ ಹೋಗಬಹುದು. ವಾಹನ ನೆಲದ ಮೇಲೆ ನಿಂತಾಗ ಇವೆರಡರ ನಡುವೆ ಸುಮಾರು 90 ಡಿಗ್ರಿ ಕೋನವಿದ್ದರೆ ಒಳ್ಳೆಯದು.

ಶಾಕ್ ಬಿಚ್ಚಿದ್ದರಿಂದ ಸ್ಪ್ರಿಂಗ್‌ನ ಪಕ್ಕದ ಅಂತರ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಶಾಕ್ ಮತ್ತೆ ಜೋಡಿಸಿ, ಬೋಲ್ಟ್‌ಗಳನ್ನು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿದ ಮೇಲೆ, ಲಿಂಕ್‌ನ ಎದುರಿನ ಸುರುಳಿಗಳಿಗೆ ಬಿಳಿ ಪೇಂಟ್ ಹಚ್ಚಿ, ಸವಾರ ಕುಳಿತು ನಿಧಾನವಾಗಿ ಉಬ್ಬುತಗ್ಗುಗಳ ಮೇಲೆ ಓಡಿಸಿ ನೋಡಿ. ಪೇಂಟ್ ಉಜ್ಜಿಹೋಗಿದ್ದರೆ ಅಲ್ಲಿ ತಾಗುತ್ತಿದೆ. ಬಾರ್ ಪಕ್ಕಕ್ಕೆ ಸರಿಯದಂತೆ ತಡೆಯುವ ಕಾಲರ್‌ಗಳನ್ನೂ ಆಗಲೇ ಗಮನಿಸಿ. ಎಷ್ಟೋ ಸಲ ನಡುವೆ ಸರಿಯಾಗಿದ್ದ ಬಾರ್ ಒಂದು ಬದಿಗೆ ಜರುಗಿ ತಾಗುತ್ತದೆ.

ತಾಗುವುದು ಖಚಿತವಾದರೆ ಮೊದಲು ಬಾರನ್ನು ನಡುವಿಗೆ ತನ್ನಿ, ಬಳಿಕ ಲಿಂಕ್‌ನ ಉದ್ದ ಹೊಂದಿಸಿ. ಉದ್ದ ಮಾಡುವಾಗ ಥ್ರೆಡ್‌ನ ವ್ಯಾಸದ ಒಂದೂವರೆಯಷ್ಟಾದರೂ ಒಳಗೆ ಉಳಿದಿರಲಿ. ಬಾರನ್ನು ಗ್ರೈಂಡರ್‌ನಿಂದ ತೇಯುವುದು ಬೇಡವೇ ಬೇಡ, ಏಕೆಂದರೆ ತಿರುಚುವ ಒತ್ತಡ ಅತಿ ಹೆಚ್ಚಿರುವುದು ಅದರ ಮೇಲ್ಮೈಯಲ್ಲೇ, ಬಿರುಕು ಹುಟ್ಟುವುದೂ ಅಲ್ಲಿಂದಲೇ. ಇಷ್ಟರಿಂದಲೂ ಅಂತರ ಸಿಗದಿದ್ದರೆ ಆ ಬಾರ್ ಆ ವಾಹನಕ್ಕೆ ಹೊಂದುವುದಿಲ್ಲ. ತೆಗೆದು ಕಂಪನಿಯದನ್ನೇ ಮತ್ತೆ ಹಾಕಿ.