ರೇಖೆ ಇಳಿಸಲು ನಾನೇ ಮಾಡಿಕೊಂಡ ಬೆಳಕಿನ ಪೆಟ್ಟಿಗೆ

ಪೆನ್ಸಿಲ್ಲಿನ ಕರಡು ಚಿತ್ರವನ್ನು ಜಲವರ್ಣದ ಕಾಗದಕ್ಕೆ ಇಳಿಸಿಕೊಳ್ಳಲು ನಾನು ಬಹುಕಾಲ ಕಿಟಕಿಯ ಗಾಜನ್ನೇ ನೆಚ್ಚಿಕೊಂಡಿದ್ದೆ. ಎತ್ತಿ ಹಿಡಿದ ತೋಳು ಬೇಗನೆ ಸೋಲುತ್ತಿತ್ತು. ಮೋಡ ಕವಿದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹಳೆಯ ಮೇಜಿನ ಸೆಳೆಖಾನೆಯೊಳಗೆ ತಂತಿ ಬಲ್ಬನ್ನಿಟ್ಟು ಮೇಲೆ ಗಾಜು ಹೊದಿಸಿ ನೋಡಿದೆ. ನಟ್ಟನಡುವೆ ಕಣ್ಣು ಕುಕ್ಕುವ ಬೆಳಕು, ಮೂಲೆಗಳಲ್ಲಿ ಕತ್ತಲೆ, ಸಾಲದ್ದಕ್ಕೆ ಶಾಖಕ್ಕೆ ಕಾಗದವೂ ಸುರುಳಿಗಟ್ಟಿತು. ಬೇಕಾದದ್ದು ಹೆಚ್ಚು ಬೆಳಕಲ್ಲ, ಸಮನಾದ ಬೆಳಕು ಎಂಬುದು ಆಗಲೇ ಹೊಳೆದದ್ದು.

ಎರಡನೆಯ ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ, ಒಳಗೆ 36 ಸೆಂಟಿಮೀಟರ್ ಉದ್ದ, 26 ಸೆಂಟಿಮೀಟರ್ ಅಗಲ ಬರುವಂತೆ ಕಟ್ಟಿದೆ. ಮೀಟರಿಗೆ 60 ದೀಪಗಳಿರುವ 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು 30 ಸೆಂಟಿಮೀಟರಿನ ಆರು ತುಂಡುಗಳಾಗಿ ಕತ್ತರಿಸಿ, 4 ಸೆಂಟಿಮೀಟರಿಗೊಂದು ಸಾಲಿನಂತೆ ತಳಕ್ಕೆ ಅಂಟಿಸಿದೆ. ಈ ಪಟ್ಟಿಯನ್ನು ಮೂರು ದೀಪಗಳಿಗೊಮ್ಮೆ ಬರುವ ತಾಮ್ರದ ಗುರುತಿನಲ್ಲಿ ಮಾತ್ರ ಕತ್ತರಿಸಬೇಕು. ಬೆಸುಗೆ ಹಾಕುವಾಗ ಒಂದು ಸಾಲಿನ ಧನ-ಋಣ ತುದಿಗಳನ್ನು ಅದಲು ಬದಲು ಮಾಡಿದ್ದರಿಂದ ಆ ಸಾಲೊಂದು ಹೊತ್ತಿಕೊಳ್ಳದೆ ಅರ್ಧ ದಿನ ಕಾಡಿಸಿತು. ಮೀಟರಿಗೆ 4.8 ವ್ಯಾಟ್ ಎಳೆಯುವ ಪಟ್ಟಿಯಾದ್ದರಿಂದ ಒಟ್ಟು 9 ವ್ಯಾಟ್ ಸಹ ಆಗಲಿಲ್ಲ. 2 ಆಂಪಿಯರಿನ ಅಡಾಪ್ಟರ್ ಧಾರಾಳವಾಯಿತು.

ಮೇಲೆ 3 ಮಿಲಿಮೀಟರ್ ದಪ್ಪದ ಹಾಲುಬಿಳುಪಿನ ಅಕ್ರಿಲಿಕ್ ಹಾಳೆಯನ್ನಿಟ್ಟು ದೀಪ ಹಾಕಿದಾಗ ಸಾಲುಗಳೆಲ್ಲ ಹುಲಿಯ ಪಟ್ಟೆಗಳಂತೆ ಎದ್ದು ಕಂಡವು. ದೀಪಕ್ಕೂ ಹಾಳೆಗೂ ನಡುವೆ ನಾನು ಬಿಟ್ಟಿದ್ದ ಅಂತರ 3 ಸೆಂಟಿಮೀಟರ್ ಮಾತ್ರ. ಪ್ರತಿಯೊಂದು ದೀಪದ ಬೆಳಕೂ ಮೇಲೇರಿದಂತೆ ಅಗಲವಾಗಿ ಹರಡುತ್ತ ಪಕ್ಕದ ಸಾಲಿನ ಬೆಳಕಿನೊಂದಿಗೆ ಬೆರೆಯಬೇಕು. ಅದಕ್ಕೆ ಸಾಲುಗಳ ನಡುವಿನ ಅಂತರಕ್ಕಿಂತ ಪೆಟ್ಟಿಗೆಯ ಆಳ ಹೆಚ್ಚಿರಬೇಕು. ಅಂಚುಗಳಿಗೆ ಮರದ ಪಟ್ಟಿ ಸೇರಿಸಿ ಅಂತರವನ್ನು 6 ಸೆಂಟಿಮೀಟರಿಗೆ ಏರಿಸಿದ ಮೇಲೆ ಪಟ್ಟೆಗಳು ಕರಗಿದವು. ಬೆಳಕು ಹೆಚ್ಚಲೆಂದು ಒಳಗೆ ಅಂಟಿಸಿದ್ದ ಬೆಳ್ಳಿ ಹಾಳೆ ಹೊಳಪಿನ ಚುಕ್ಕೆಗಳನ್ನು ಮೂಡಿಸುತ್ತಿದ್ದುದರಿಂದ ಅದನ್ನು ಕಿತ್ತು, ಹೊಳಪಿಲ್ಲದ ಬಿಳಿ ಬಣ್ಣ ಬಳಿದೆ. ಅಂಗೈ ಊರಿದಾಗ ಅಕ್ರಿಲಿಕ್ ಬಾಗುತ್ತಿತ್ತು. ಅದರಡಿಗೆ ಪಾರದರ್ಶಕ ಗಾಜನ್ನು ಆಧಾರವಾಗಿ ಕೊಟ್ಟೆ.

80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ತೆಳು ಕಾಗದದಲ್ಲಿ ಗೆರೆಗಳು ನಿಚ್ಚಳವಾಗಿ ಕಾಣುತ್ತವೆ. 300 ಜಿಎಸ್‌ಎಂ ಜಲವರ್ಣದ ಕಾಗದವಾದರೆ ಮೂಲದ ಗೆರೆಗಳನ್ನು ಮೊದಲು ಕಪ್ಪು ಪೆನ್ನಿನಿಂದ ತಿದ್ದಿಕೊಂಡು, ಕೋಣೆಯ ದೀಪವನ್ನು ಆರಿಸಿ ಕೂರುತ್ತೇನೆ. ಕಾಗದದ ಸುತ್ತ ಬರಿದಾಗಿ ಬೆಳಗುವ ಭಾಗವನ್ನು ಕಪ್ಪು ರಟ್ಟಿನಿಂದ ಮುಚ್ಚದಿದ್ದರೆ ಕಣ್ಣು ಬಳಲುತ್ತದೆ. ಎರಡೂ ಹಾಳೆಗಳನ್ನು ಮೇಲಿನ ಅಂಚಿನಲ್ಲಷ್ಟೇ ಟೇಪಿನಿಂದ ಹಿಡಿಸುವುದರಿಂದ, ಆಗಾಗ ಮೇಲಿನ ಹಾಳೆಯನ್ನು ಬಾಗಿಲಿನಂತೆ ಎತ್ತಿ ಬಿಟ್ಟುಹೋದ ಗೆರೆಯನ್ನು ನೋಡಿಕೊಂಡು, ಕೂದಲೆಳೆಯಷ್ಟೂ ಕದಲಿಸದೆ ಮತ್ತೆ ಅಲ್ಲಿಗೇ ಇಳಿಸಬಹುದಾಗಿದೆ.